ಕಣ್ಣಿನ ಓಡಾಟ ನೋಡಿ ಮನಸ್ಸಿನ ಕಾಯಿಲೆ ಹೇಳೋ ಟೆಸ್ಟ್: ದುಡ್ಡು ಕಟ್ಟೋಕ್ಮುಂಚೆ ಓದಿ

ತಮ್ಮನಿಗೆ ಸ್ಕಿಜೋಫ್ರೇನಿಯಾ, ಮಾತ್ರೆ ನಡೀತಿದೆ. "ಐ ಟ್ರ್ಯಾಕಿಂಗ್ ಮಾಡ್ಸಿದ್ರೆ ಪಕ್ಕಾ ಗೊತ್ತಾಗುತ್ತೆ" ಅಂತ ಒಂದು ಪ್ರೈವೇಟ್ ಸೆಂಟರ್‌ನವರು ಹೇಳಿದ್ರು, ಅಮ್ಮನ ಸಮಾಧಾನಕ್ಕೆ ಅಂತ ಕರ್ಕೊಂಡು ಹೋದ್ವಿ.

ಟೆಸ್ಟ್ ಮಾಡೋ ರೀತಿ ಮಾತ್ರ ತುಂಬಾ ಚೆನ್ನಾಗಿದೆ. ಗದ್ದ ಸ್ಟ್ಯಾಂಡ್ ಮೇಲಿಟ್ಟು ಹಣೆ ಪಟ್ಟಿಗೆ ಆನಿಸಿ ಅಲ್ಲಾಡದೆ ಕೂತ್ಕೋಬೇಕು, ಇನ್‌ಫ್ರಾರೆಡ್ ಕ್ಯಾಮೆರಾ ಕಣ್ಣಿನ ಪಾಪೆ ಹಿಡಿಯುತ್ತೆ. ಕಾಡಿಗೆ, ಮಸ್ಕಾರಾ ಇದ್ರೆ ಮೊದಲೇ ಒರೆಸ್ತಾರೆ, ಇಲ್ಲಾಂದ್ರೆ ಆ ಕಪ್ಪನ್ನೇ ಪಾಪೆ ಅಂದ್ಕೊಂಡ್ಬಿಡುತ್ತಂತೆ. ಒಂದು ಚುಕ್ಕಿ ಆ ಕಡೆ ಈ ಕಡೆ ನಿಧಾನಕ್ಕೆ ಓಡಾಡುತ್ತೆ, ಅದರ ಹಿಂದೇನೇ ಕಣ್ಣು ಹೋಗ್ಬೇಕು. ಆಮೇಲೆ ಉಲ್ಟಾ, ಚುಕ್ಕಿ ಬಲಕ್ಕೆ ಬಂದ್ರೆ ಎಡಕ್ಕೆ ನೋಡ್ಬೇಕು. ನಾನೂ ಮಾಡ್ನೋಡ್ದೆ, ಎಷ್ಟು ಹುಷಾರಾಗಿದ್ರೂ ಕಣ್ಣು ಚುಕ್ಕಿ ಕಡೆಗೇ ಹಾರುತ್ತೆ ಕಣ್ರೀ. ಟೆಕ್ನಿಷಿಯನ್ ಹುಡುಗಿ ಕನ್ನಡದಲ್ಲೇ ನಿಧಾನವಾಗಿ ಹೇಳ್ಕೊಟ್ಲು, ತಮ್ಮ ಗಾಬರಿ ಆಗ್ಲಿಲ್ಲ, ಅದಕ್ಕೆ ಥ್ಯಾಂಕ್ಸ್.

ಇದರ ಹಿಂದಿನ ವಿಜ್ಞಾನ ಸುಳ್ಳಲ್ಲ. ಈ ಕಾಯಿಲೆ ಇರೋರ ಕಣ್ಣು ಚುಕ್ಕಿನ ಸರಾಗವಾಗಿ ಹಿಂಬಾಲಿಸಲ್ಲ ಅಂತ ಅಮೆರಿಕಾದಲ್ಲಿ ಡೀಫೆನ್‌ಡಾರ್ಫ್ ಮತ್ತೆ ಡಾಡ್ಜ್ ಅನ್ನೋ ಸಂಶೋಧಕರು 1908ರಲ್ಲೇ ಬರೆದಿದ್ರು, 1970ರ ದಶಕದಲ್ಲಿ ಫಿಲಿಪ್ ಹೋಲ್ಜ್‌ಮನ್ ಅದನ್ನ ಮತ್ತೆ ತೋರಿಸಿದ್ರು. ಆದ್ರೆ ಅವರೇ ಇನ್ನೊಂದೂ ಕಂಡ್ರು, ಕಾಯಿಲೆ ಇಲ್ಲದ ಅಣ್ಣತಮ್ಮ, ಅಪ್ಪಅಮ್ಮಂದಿರಲ್ಲೂ ಎಷ್ಟೋ ಜನಕ್ಕೆ ಹಾಗೇ ಇರುತ್ತೆ. ಬೈಪೋಲಾರ್ ಅನ್ನೋ ಇನ್ನೊಂದು ಮನಸ್ಸಿನ ಕಾಯಿಲೆಯಲ್ಲೂ ಕಾಣುತ್ತೆ. ಸೆಂಟರ್‌ನವರು ಬ್ರೋಷರಲ್ಲಿ ದೊಡ್ಡದಾಗಿ ಹಾಕಿರೋ "98 ಪರ್ಸೆಂಟ್ ನಿಖರ" ಅನ್ನೋ ನಂಬರ್ ಸ್ಕಾಟ್ಲೆಂಡಿನ ಅಬರ್ಡೀನ್ ಯೂನಿವರ್ಸಿಟಿಯ 2012ರ ಸ್ಟಡಿದು, ಅಲ್ಲಿ ಮೊದಲೇ ಡಯಾಗ್ನೋಸಿಸ್ ಆದವರನ್ನ ಆರೋಗ್ಯವಾಗಿರೋರ ಜೊತೆ ಹೋಲಿಸಿದ್ದು. ಏನು ಕಾಯಿಲೆ ಅಂತ ಇನ್ನೂ ಗೊತ್ತಿಲ್ದೆ ಒಬ್ಬರು ಬಂದು ಕೂತಾಗ ಆ ನಂಬರ್ ಹೇಗೆ ಅನ್ವಯ ಆಗುತ್ತೆ?

ನನಗೆ ಸಿಟ್ಟು ಬಂದಿದ್ದು ರಿಪೋರ್ಟ್ ನೋಡಿ. ಯಾವ ಮಾತ್ರೆ ತಗೋತಾನೆ, ರಾತ್ರಿ ನಿದ್ದೆ ಮಾಡಿದ್ನಾ, ಸಿಗರೇಟ್ ಸೇದ್ತಾನಾ ಅಂತ ಒಂದು ಮಾತೂ ಕೇಳ್ಲಿಲ್ಲ, ನಿದ್ದೆ ಮಾತ್ರೆಯಿಂದ ಕಣ್ಣಿನ ಓಟ ನಿಧಾನ ಆಗುತ್ತೆ, ನಿಕೋಟಿನ್ ಸುಧಾರಿಸುತ್ತೆ, ಅದೆಲ್ಲ ಬಿಟ್ಟು ಕೆಂಪಕ್ಷರದಲ್ಲಿ "ಹೈ ರಿಸ್ಕ್" ಅಂತ ಪ್ರಿಂಟ್ ಹೊಡೆದು ಕೊಟ್ರೆ ಅಮ್ಮ ಅತ್ತೇ ಬಿಟ್ರು. ಮೇಲಿಂದ "ನಿಮಗೂ ಮಾಡಿಸ್ಕೊಳ್ಳಿ, ಡಿಸ್ಕೌಂಟ್ ಇದೆ" ಅಂತ ಬೇರೆ.

ಮೆಷಿನ್ನಿಗೆ 4 ಸ್ಟಾರ್, ರಿಪೋರ್ಟಿಗೆ 1. ರಿಸರ್ಚ್‌ಗೆ ಅಂತ ಆಸ್ಪತ್ರೆಯವರು ಕರೆದ್ರೆ ಖಂಡಿತ ಹೋಗಿ, ಉಪಯೋಗದ ಕೆಲಸ. ದುಡ್ಡು ಕೊಟ್ಟು ಮಾಡಿಸ್ಬೇಡಿ, ಅದೇ ದುಡ್ಡಲ್ಲಿ ಸೈಕಿಯಾಟ್ರಿಸ್ಟ್ ಹತ್ರ ಕೂತು ಮಾತಾಡಿ. ಇಂಥ ರಿಪೋರ್ಟ್ ನಂಬಿ ಮಾತ್ರೆ ನಿಲ್ಲಿಸೋದು, ಬದಲಿಸೋದು ಮಾಡ್ಲೇಬೇಡಿ. ಎಲ್ಲಿಂದ ಶುರು ಮಾಡೋದು ಗೊತ್ತಾಗ್ತಿಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಗೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೂ ಮಾತಾಡ್ತಾರೆ.