ಸಿಸ್ಟಮ್ ಏಳದಿದ್ದಾಗ: ಪೇಪರ್ ಕ್ಲಿಪ್, ಪಿಎಸ್‌ಯು ಟೆಸ್ಟರ್, ಬೀಪ್ ಸ್ಪೀಕರ್, ಮಲ್ಟಿಮೀಟರ್

ಮನೆಯಲ್ಲೇ ಜೋಡಿಸಿದ ಡೆಸ್ಕ್‌ಟಾಪ್ ಬಟನ್ ಒತ್ತಿದರೂ ಏಳುತ್ತಿಲ್ಲ ಅಂದರೆ ಮೊದಲು ಮಲ್ಟಿಮೀಟರ್ ತೆಗೆಯಿರಿ. ನಾಲ್ಕೂ ಸಾಧನಗಳನ್ನು ಒಂದೇ ಕೆಟ್ಟ ಸಿಸ್ಟಮ್‌ಗೆ ಹಚ್ಚಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು. ಪಿಎಸ್‌ಯು, ಅಂದರೆ ಸಿಸ್ಟಮ್‌ಗೆ ಕರೆಂಟ್ ಕೊಡುವ ಪವರ್ ಸಪ್ಲೈ ಡಬ್ಬಿ, ಅದನ್ನು ಪರೀಕ್ಷಿಸುವ ಎಲ್‌ಸಿಡಿ ಟೆಸ್ಟರ್‌ಗೆ ಹಾಕಿದ ದುಡ್ಡು ದಂಡವಾಯಿತು. ಸುಮಾರು 300 ರೂಪಾಯಿಯ ಹಳದಿ ಮೀಟರ್ ರೋಗ ತೋರಿಸಿತು.

ಪೇಪರ್ ಕ್ಲಿಪ್‌ಗೆ ಖರ್ಚಿಲ್ಲ. ಪಿಎಸ್‌ಯುವಿನ 24 ಪಿನ್ ಕನೆಕ್ಟರನ್ನು ಮದರ್‌ಬೋರ್ಡಿನಿಂದ ಬಿಚ್ಚಿ, ಹಸಿರು ವೈರನ್ನು ಪಕ್ಕದ ಕಪ್ಪು ವೈರಿಗೆ ಕ್ಲಿಪ್‌ನಿಂದ ಸೇರಿಸಿ, ಆಮೇಲೆ ಗೋಡೆಯ ಸ್ವಿಚ್ ಹಾಕಿದರೆ ಪಿಎಸ್‌ಯು ಫ್ಯಾನ್ ತಿರುಗಬೇಕು. ಲೋಡ್ ಕಡಿಮೆಯಿದ್ದಾಗ ಫ್ಯಾನ್ ನಿಲ್ಲಿಸುವ ಮಾಡೆಲ್‌ಗಳಲ್ಲಿ ಅದೂ ತಿರುಗುವುದಿಲ್ಲ. ತಿರುಗಿದರೂ ಪಿಎಸ್‌ಯು ಪೂರ್ತಿ ಸತ್ತಿಲ್ಲ ಅನ್ನುವುದಷ್ಟೇ ಗೊತ್ತಾಗುತ್ತದೆ.

ಟೆಸ್ಟರ್ ಇದಕ್ಕಿಂತ ಒಂದು ಹೆಜ್ಜೆ ಮುಂದೆ. 12, 5, 3.3 ವೋಲ್ಟ್ ಮೂರನ್ನೂ ಅಂಕಿಯಲ್ಲಿ ತೋರಿಸುತ್ತದೆ. ಪಿಜಿ (ಪವರ್ ಗುಡ್) ಸಿಗ್ನಲ್, ಅಂದರೆ ವೋಲ್ಟೇಜ್ ಸರಿಯಿದೆ ಎಂದು ಪಿಎಸ್‌ಯು ಬೋರ್ಡಿಗೆ ಕೊಡುವ ಸೂಚನೆ, ಎಷ್ಟು ಮಿಲಿಸೆಕೆಂಡಿಗೆ ಬಂತು ಅಂತಲೂ ಹೇಳುತ್ತದೆ. 100ರಿಂದ 500ರೊಳಗೆ ಇದ್ದರೆ ಸರಿ. ಇದೊಂದು ಮಲ್ಟಿಮೀಟರಿನ ಕೈಲಾಗದ ಕೆಲಸ, ಒಪ್ಪಬೇಕು.

ಆದರೆ ತೊಡಕು ಇಲ್ಲೇ ಇದೆ. ಕ್ಲಿಪ್ ಆಗಲಿ ಟೆಸ್ಟರ್ ಆಗಲಿ, ಎರಡೂ ಪಿಎಸ್‌ಯುವನ್ನು ಬೋರ್ಡಿನಿಂದ ಬಿಚ್ಚಿ ಪರೀಕ್ಷಿಸುತ್ತವೆ. ಅವು ಹಾಕುವ ಲೋಡ್ ಏನೇನೂ ಸಾಲದು. ಕಲಬುರಗಿಯಂಥ ಊರಲ್ಲಿ ಪಿಎಸ್‌ಯು ಸಾಮಾನ್ಯವಾಗಿ ಒಂದೇ ಏಟಿಗೆ ಸಾಯುವುದಿಲ್ಲ, ಒಳಗೊಳಗೇ ಸೊರಗುತ್ತದೆ. ಅದರೊಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯುಷ್ಯ ಬಿಸಿ 10 ಡಿಗ್ರಿ ಏರಿದಂತೆಲ್ಲ ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತದೆ. ಮೇ ತಿಂಗಳಲ್ಲಿ ಹೊರಗೇ 42 ಡಿಗ್ರಿ ಇರುವಾಗ ಧೂಳು ಕಟ್ಟಿದ ಪಿಎಸ್‌ಯು ಒಳಗಿನ ಪಾಡು ಹೇಳಬೇಕಾಗಿಲ್ಲ. ಅದರಲ್ಲೂ ಸ್ಟ್ಯಾಂಡ್‌ಬೈ ಭಾಗಕ್ಕೆ ಬಿಡುವೇ ಇಲ್ಲ. ಸಿಸ್ಟಮ್ ಆಫ್ ಇದ್ದರೂ ಗೋಡೆಯ ಸ್ವಿಚ್ ಆನ್ ಇರುವಷ್ಟು ಹೊತ್ತೂ ಅದು ದುಡಿಯುತ್ತಲೇ ಇರುತ್ತದೆ. ಹಾಗೆ ಸೊರಗಿದ್ದರ ಲಕ್ಷಣ ಇದು: ಕರೆಂಟ್ ಹೋಗಿ ಬಂದ ಮೇಲೆ ಸಿಸ್ಟಮ್ ಏಳುವುದಿಲ್ಲ, ನಾಲ್ಕೈದು ಸಲ ಒತ್ತಿದರೆ ಒಮ್ಮೆ ಏಳುತ್ತದೆ, ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ. ಟೆಸ್ಟರಿಗೆ ಹಾಕಿದರೆ ಎಲ್ಲಾ ಸರಿ ಅನ್ನುತ್ತದೆ. ಅದನ್ನು ನಂಬಿ ಬೋರ್ಡ್ ಬದಲಿಸಿದವರ ಕಥೆ ಕೇಳಬಾರದು.

ಮೀಟರಿನ ಹೆಚ್ಚುಗಾರಿಕೆ ಏನೆಂದರೆ ಕನೆಕ್ಟರ್ ಬೋರ್ಡಿನಲ್ಲೇ ಇರುವಾಗ ಹಿಂದಿನಿಂದ ಪ್ರೋಬ್ ತೂರಿಸಿ ನೋಡಬಹುದು. ಮೀಟರ್ ಡಿಸಿ 20ರಲ್ಲಿರಲಿ, ಕಪ್ಪು ಪ್ರೋಬ್ ಕ್ಯಾಬಿನೆಟ್‌ನ ಬಣ್ಣವಿಲ್ಲದ ಸ್ಕ್ರೂಗೆ. ಈಗಿನ ಹಲವು ಪಿಎಸ್‌ಯುಗಳಲ್ಲಿ ವೈರುಗಳೆಲ್ಲ ಕಪ್ಪೇ ಆದ್ದರಿಂದ ಬಣ್ಣದ ಬದಲು ಎಣಿಸಿ ಗುರುತಿಸಬೇಕಾಗುತ್ತದೆ. ಬಿಡಿಯಾಗಿ ಕಳಚುವ 4 ಪಿನ್ ತುಂಡಿನ ಎದುರು ತುದಿಯಿಂದ ಎಣಿಕೆ ಶುರು. ಕನೆಕ್ಟರನ್ನು ಬೋರ್ಡಿಗೆ ಕಚ್ಚಿಸುವ ಪ್ಲಾಸ್ಟಿಕ್ ಕೊಂಡಿ ಇರುವ ಸಾಲಿನಲ್ಲಿ ನಾಲ್ಕನೆಯದು ಹಸಿರು. ಕೊಂಡಿ ಇಲ್ಲದ ಸಾಲಿನಲ್ಲಿ ಎಂಟನೆಯದು ಬೂದು, ಒಂಬತ್ತನೆಯದು ನೇರಳೆ. ಎಣಿಕೆ ಸರಿಯೋ ಅಂತ ಅನುಮಾನ ಬಂದರೆ ಒಂದು ಗುರುತಿದೆ: ಇತ್ತೀಚಿನ ಪಿಎಸ್‌ಯುಗಳಲ್ಲಿ ಬೂದು ವೈರಿನ ಎದುರಿನ ತೂತು ಖಾಲಿ ಇರುತ್ತದೆ.

ಮೊದಲು ನೇರಳೆ, ಅಂದರೆ ಸ್ಟ್ಯಾಂಡ್‌ಬೈ ಭಾಗದ ವೈರು. ಸಿಸ್ಟಮ್ ಆಫ್ ಇದ್ದು ಗೋಡೆಯ ಸ್ವಿಚ್ ಆನ್ ಇರುವಾಗ ಇಲ್ಲಿ 4.75ರಿಂದ 5.25 ಬರಬೇಕು. ಪ್ರೋಬ್ ತೆಗೆಯದೆ ಪವರ್ ಬಟನ್ ಒತ್ತಿಸಿ. 5.02 ಇದ್ದದ್ದು 4.3ಕ್ಕೆ ಕುಸಿದರೆ ಪಿಎಸ್‌ಯು ಮೇಲೆಯೇ ಮೊದಲ ಅನುಮಾನ, ಟೆಸ್ಟರ್ ಏನೇ ಹೇಳಲಿ. ನೇರಳೆ ಗಟ್ಟಿಯಾಗಿ ನಿಂತರೆ ಪಿಎಸ್‌ಯುವನ್ನು ಎಬ್ಬಿಸುವ ಹಸಿರು ನೋಡಿ: ಬಟನ್ ಒತ್ತಿದಾಗ ಅದು 0.8ಕ್ಕಿಂತ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ತಪ್ಪು ಬಟನ್ನಿನದೋ ಬೋರ್ಡಿನದೋ. ಬೋರ್ಡಿನಲ್ಲಿ ಪವರ್ ಬಟನ್ನಿನ ವೈರು ಕೂರುವ ಫ್ರಂಟ್ ಪ್ಯಾನೆಲ್ ಹೆಡರಿನ ಎರಡು ಪಿನ್‌ಗಳನ್ನು (ಹೆಚ್ಚಾಗಿ 6 ಮತ್ತು 8ನೇದು) ಸ್ಕ್ರೂಡ್ರೈವರಿನಿಂದ ಒಂದು ಕ್ಷಣ ಮುಟ್ಟಿಸಿದರೆ ಯಾವುದೆಂದು ತಿಳಿಯುತ್ತದೆ. ಹಸಿರು ಇಳಿದು, ಫ್ಯಾನ್ ತಿರುಗಿ, ಪಿಜಿ ಸಿಗ್ನಲ್ ತರುವ ಬೂದು ಮಾತ್ರ ಸೊನ್ನೆಯಲ್ಲೇ ಇದ್ದರೆ ಪಿಎಸ್‌ಯು ತನ್ನ ವೋಲ್ಟೇಜ್ ಸರಿಯಿದೆ ಎಂದು ಬೋರ್ಡಿಗೆ ಹೇಳುತ್ತಿಲ್ಲ. ಬೋರ್ಡ್ ಪ್ರೊಸೆಸರನ್ನು ರೀಸೆಟ್‌ನಲ್ಲೇ ಹಿಡಿದಿಡುತ್ತದೆ, ಪರದೆ ಕಪ್ಪು.

ಮೀಟರಿನ ಪ್ರೋಬ್ ದಪ್ಪ, ಕನೆಕ್ಟರಿನ ಹಿಂದೆ ಸಲೀಸಾಗಿ ಹೋಗುವುದಿಲ್ಲ. ಹೊಲಿಗೆ ಸೂಜಿಗೆ ಮೊಸಳೆ ಕ್ಲಿಪ್ ಕಚ್ಚಿಸಿ, ತುದಿ ಬಿಟ್ಟು ಉಳಿದದ್ದಕ್ಕೆ ಟೇಪ್ ಸುತ್ತಿ. ಕೈ ಜಾರಿ 12 ವೋಲ್ಟ್ ಪಕ್ಕದ ಗ್ರೌಂಡಿಗೆ ತಾಗಿದರೆ ಕಿಡಿ ಹಾರುತ್ತದೆ. ಪಿಎಸ್‌ಯು ಡಬ್ಬಿಯನ್ನಂತೂ ಬಿಚ್ಚಲೇಬೇಡಿ, ಒಳಗಿನ ದೊಡ್ಡ ಕೆಪಾಸಿಟರ್ 300 ವೋಲ್ಟಿಗೂ ಮೇಲೆ ಹಿಡಿದಿರುತ್ತದೆ.

ಬೀಪ್ ಸ್ಪೀಕರ್ ಚಿಲ್ಲರೆ ದುಡ್ಡಿನದು. ಬೋರ್ಡಿನಲ್ಲಿ ಸ್ಪೀಕರ್ ಹೆಡರ್ ಇದ್ದರೆ ಹಾಕಿಡಿ. ರ‍್ಯಾಮ್ ಪೂರ್ತಿ ಕಿತ್ತು ಆನ್ ಮಾಡಿದಾಗ ಅದು ಕೂಗಿದರೆ ಬೋರ್ಡ್, ಪ್ರೊಸೆಸರ್ ಎರಡಕ್ಕೂ ಜೀವವಿದೆ.

ಇನ್ನೊಂದು ಪಿಎಸ್‌ಯು ತಂದು ಹಾಕಿ ನೋಡುವುದು ಎಲ್ಲಕ್ಕಿಂತ ಖಚಿತ, ಸಿಕ್ಕರೆ. ಹಾಗೆ ಮಾಡುವಾಗ ಹಳೆಯದರ ಮಾಡ್ಯುಲರ್ (ಪಿಎಸ್‌ಯುವಿನಿಂದ ಕಳಚಬಹುದಾದ) ಕೇಬಲ್‌ಗಳನ್ನು ಹೊಸದಕ್ಕೆ ಹಾಕಬೇಡಿ. ಪಿಎಸ್‌ಯು ಕಡೆಯ ಪಿನ್ ಜೋಡಣೆ ಬೇರೆ ಬೇರೆ, ಹಾರ್ಡ್‌ಡಿಸ್ಕ್ ಸುಟ್ಟೀತು.

ಬೋರ್ಡನ್ನು ಹೊರಗಿಟ್ಟು ನೋಡುವುದಾದರೆ ಶಹಾಬಾದ್ ಕಲ್ಲಿನ ನೆಲದ ಮೇಲೆ ಹಾಗೇ ಇಡದೆ ಅದರದೇ ರಟ್ಟಿನ ಪೆಟ್ಟಿಗೆಯ ಮೇಲೆ ಇಡಿ. ಹೊರಗೆ ಏಳುತ್ತದೆ, ಕ್ಯಾಬಿನೆಟ್‌ನಲ್ಲಿ ಏಳುವುದಿಲ್ಲ ಅಂದರೆ ಬೋರ್ಡಿನ ಅಡಿಯಲ್ಲಿ ಒಂದು ಸ್ಟ್ಯಾಂಡ್‌ಆಫ್ (ಬೋರ್ಡನ್ನು ಎತ್ತಿ ಹಿಡಿಯುವ ಪುಟ್ಟ ಲೋಹದ ಕಾಲು) ಹೆಚ್ಚಿಗೆ ಉಳಿದು ತಾಗುತ್ತಿರಬಹುದು.

ಮೀಟರ್ ಮನೆಯ ಅರ್ಥಿಂಗ್ ಬಗ್ಗೆಯೂ ಸುಳಿವು ಕೊಡುತ್ತದೆ. ಎಸಿ 750ಕ್ಕೆ ತಿರುಗಿಸಿ ಸಾಕೆಟ್ ನೋಡಿ: ಫೇಸ್‌ನಿಂದ ನ್ಯೂಟ್ರಲ್‌ಗೆ 230ರ ಆಸುಪಾಸು, ಫೇಸ್‌ನಿಂದ ಅರ್ಥ್‌ಗೂ ಅಷ್ಟೇ ಇರಬೇಕು. ಬೇಸಿಗೆಯಲ್ಲಿ ಎರೆ ಮಣ್ಣು ಬಿರಿದು ಅರ್ಥ್ ಗುಂಡಿ ಒಣಗಿದರೆ ಎರಡನೆಯದು ಕೆಳಗಿಳಿಯಬಹುದು. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುವುದು ಹೆಚ್ಚಾಗಿ ಅರ್ಥ್ ಸರಿಯಿಲ್ಲದ್ದರಿಂದಲೇ. ಗುಂಡಿಗೆ ನೀರು ಹಾಕಿ ಮತ್ತೆ ಅಳೆಯಿರಿ.

ತಿಂಗಳಿಗೆ ಹತ್ತು ಸಿಸ್ಟಮ್ ಜೋಡಿಸುವ ಅಂಗಡಿಯವರಿಗೆ ಟೆಸ್ಟರ್ ವೇಳೆ ಉಳಿಸುತ್ತದೆ, ತಗೊಳ್ಳಲಿ. ಮನೆಗೆ ಒಂದೇ ಸಿಸ್ಟಮ್ ಇರುವವರು, ಅದರಲ್ಲೂ ಜೇವರ್ಗಿಯಿಂದಲೋ ಆಳಂದದಿಂದಲೋ ಇಡೀ ಕ್ಯಾಬಿನೆಟ್ ಬಸ್ಸಿಗೆ ಹಾಕಿಕೊಂಡು ಕಲಬುರಗಿಗೆ ಬರಬೇಕಾದವರು, ಮೀಟರ್ ಮತ್ತು ಸ್ಪೀಕರ್ ಇಟ್ಟುಕೊಳ್ಳಿ. ನೇರಳೆ ವೈರು ಕುಸಿಯಿತು ಅಂದರೆ ಪಿಎಸ್‌ಯು ಒಂದನ್ನೇ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಬಂದರೆ ಸಾಕು.