ಗಂಡಸರ ಕೋಣೆಯೋ, ಎಲ್ಲರ ಕ್ಯಾಬಿನ್ನೋ: ಮ್ಯೂನಿಕ್ ಈಜುಕೊಳಗಳ ಅನುಭವ

ಮ್ಯೂನಿಕ್‌ನ ಈಜುಕೊಳಗಳಲ್ಲಿ ಬಟ್ಟೆ ಬದಲಿಸಲು ನಾನು ಮೂರು ಬಗೆಯ ಜಾಗ ಬಳಸಿದ್ದೇನೆ: ಗಂಡಸರ ಸಾಮೂಹಿಕ ಕೋಣೆ, ಗಂಡು ಹೆಣ್ಣೆಂಬ ಬೋರ್ಡಿಲ್ಲದ ಒಂಟಿ ಕ್ಯಾಬಿನ್, ಮತ್ತೆ ಕುಟುಂಬದ ಕೋಣೆ. ಎರಡನೇ ತರಗತಿಯ ಮಗಳನ್ನು ಈಜಿಗೆ ಕರೆದೊಯ್ಯುವ ಅಪ್ಪ ನಾನು. ನನ್ನ ಓಟು ಒಂಟಿ ಕ್ಯಾಬಿನ್‌ಗೆ.

ಸಾಮೂಹಿಕ ಕೋಣೆಯಲ್ಲಿ ಗೋಡೆಯುದ್ದಕ್ಕೂ ಬೆಂಚು, ಮೇಲೆ ಬಟ್ಟೆ ನೇತುಹಾಕುವ ಕೊಕ್ಕೆ, ಅಷ್ಟೇ. ಪರದೆ ಗಿರದೆ ಏನೂ ಇಲ್ಲ. ಇಲ್ಲಿಯವರು ಹರಟೆ ಹೊಡೆಯುತ್ತಲೇ ಪೂರ್ತಿ ಬಟ್ಟೆ ಕಳಚುತ್ತಾರೆ. ಟವೆಲ್ ಸುತ್ತಿಕೊಂಡೇ ಚಡ್ಡಿ ಬದಲಿಸಿ ಬೆಳೆದ ನನಗೆ ಕಣ್ಣು ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ. ಒಬ್ಬನೇ ಹೋದರೆ ಇಲ್ಲಿ ಕೆಲಸ ಬೇಗ ಮುಗಿಯುತ್ತದೆ, ನಿಜ. ಮಗಳಿದ್ದಾಗ ಆಗುವುದಿಲ್ಲ. ಗಂಡಸರ ಕಡೆ ಬರಲು ಅವಳು ಒಲ್ಲೆ ಅನ್ನುತ್ತಾಳೆ. ಹೆಂಗಸರ ಕಡೆ ಒಬ್ಬಳನ್ನೇ ಕಳಿಸಿದರೆ ಒದ್ದೆ ಈಜುಡುಗೆ ಎಳೆದು ತೆಗೆಯುವವರು ಯಾರು? ಶಾಲೆಯ ತರಗತಿಗಳು ಬಂದಾಗ ಮಾತ್ರ ಈ ಕೋಣೆ ಅನುಕೂಲ. ಇಡೀ ಗುಂಪು ಟೀಚರ್ ಕೈಯಳತೆಯಲ್ಲಿರುತ್ತದೆ. ನಾಚಿಕೆಯ ಮಕ್ಕಳಿಗೆ ಅದೇ ಹಿಂಸೆ. ಮಗಳು ಕ್ಯಾಬಿನ್‌ಗೆ ಹೋಗಲೇ ಎಂದು ಕೇಳಿದಾಗ ಟೀಚರ್ ತಕರಾರಿಲ್ಲದೆ ಒಪ್ಪಿದರು.

ಈ ಕ್ಯಾಬಿನ್‌ಗೆ ಜರ್ಮನ್ನರು ‘ವೆಕ್ಸೆಲ್‌ಕಾಬೀನೆ’ ಅನ್ನುತ್ತಾರೆ. ಅದರ ರಚನೆ ಜಾಣತನದ್ದು. ಬಾಗಿಲು ಎರಡು. ಬೂಟು ಹಾಕಿಕೊಂಡು ಒಂದರಿಂದ ಒಳಗೆ, ಬರಿಗಾಲಲ್ಲಿ ಇನ್ನೊಂದರಿಂದ ಲಾಕರ್ ಕಡೆಗೆ. ಹೊರಗಿನ ಕೆಸರು ಕೊಳದ ಕಡೆ ಬರುವುದಿಲ್ಲ. ಹಲವು ಕಡೆ ಒಳಗಿನ ಮಡಚುವ ಬೆಂಚನ್ನು ಕೆಳಗಿಳಿಸಿದರೆ ಎರಡೂ ಬಾಗಿಲು ಒಟ್ಟಿಗೆ ಬಂದ್. ಪಕ್ಕದಲ್ಲಿ ಗಂಡಸಿದ್ದಾನೋ ಹೆಂಗಸಿದ್ದಾಳೋ ಎಂಬುದು ಆಮೇಲೆ ಮುಖ್ಯವೇ ಅಲ್ಲ. ನನ್ನ ತಕರಾರಿರುವುದು ತಡಿಕೆಯ ಕೆಳಗಿನ ಸಂದಿಯ ಬಗ್ಗೆ. ನೆಲ ತೊಳೆಯಲು ಸುಲಭವಾಗಲೆಂದು ಬಿಟ್ಟ ಸಂದಿ ಮೊಬೈಲ್ ತೂರಿಸುವವನಿಗೂ ಸುಲಭ. ಇಂಥ ಮರೆಯ ಜಾಗದಲ್ಲಿ ಕದ್ದು ಫೋಟೊ ತೆಗೆಯುವುದು ಜರ್ಮನ್ ದಂಡ ಸಂಹಿತೆಯ 201ಎ ಕಲಮಿನಡಿ ಅಪರಾಧ. ಆದರೂ ತಡಿಕೆ ನೆಲದವರೆಗೆ ಇಳಿದಿರುವ ಕೊಳವನ್ನೇ ನಾನು ಆರಿಸಿಕೊಳ್ಳುತ್ತೇನೆ.

ಕುಟುಂಬದ ಕೋಣೆ ವಿಶಾಲ, ಕೂಸಿನ ಬಟ್ಟೆ ಬದಲಿಸಲು ಮೇಜೂ ಇರುತ್ತದೆ. ಭಾನುವಾರ ಮಾತ್ರ ಖಾಲಿ ಸಿಗುವುದಿಲ್ಲ.

ಬೆಂಗಳೂರಿನ ‘ಲೇಡೀಸ್ ಬ್ಯಾಚ್’ ಗೋಡೆಯ ಬದಲು ಗಡಿಯಾರದಿಂದ ಬೇರ್ಪಡಿಸುತ್ತದೆ. ನನ್ನ ಹೆಂಡತಿ ಈಜು ಕಲಿತದ್ದು ಅಲ್ಲೇ. ಆ ನಿರಾಳ ಇಲ್ಲಿಲ್ಲ ಅನ್ನುತ್ತಾಳೆ, ನಾನು ವಾದಿಸುವುದಿಲ್ಲ. ಆದರೆ ಆ ಹೊತ್ತಿನಲ್ಲಿ ಅಪ್ಪ ಮಗಳನ್ನು ನೀರಿಗಿಳಿಸುವಂತಿಲ್ಲ. ಮ್ಯೂನಿಕ್ಕೂ ಹಿಂದೆ ಬೇರ್ಪಡಿಸುತ್ತಿತ್ತು, ಗಡಿಯಾರದಿಂದಲ್ಲ, ಬೇರೆ ಬೇರೆ ಕೊಳಗಳಿಂದ: 1901ರಲ್ಲಿ ತೆರೆದ, ಈಸಾರ್ ನದಿ ದಂಡೆಯ ಮ್ಯುಲ್ಲರ್ ಫೋಲ್ಕ್ಸ್‌ಬಾಡ್‌ನಲ್ಲಿ ಗಂಡಸರಿಗೆ ದೊಡ್ಡ ಕೊಳ, ಹೆಂಗಸರಿಗೆ ಚಿಕ್ಕದು. ಈಗ ಎರಡರಲ್ಲೂ ಎಲ್ಲರೂ ಈಜುತ್ತಾರೆ.

ಇಷ್ಟೆಲ್ಲ ಆದಮೇಲೂ ಕ್ಯಾಬಿನ್ ಬಗೆಹರಿಸದ ಒಂದು ವಿಷಯವಿದೆ: ಶವರ್. ಅದು ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ, ಒಳಗೆ ಹೆಚ್ಚಾಗಿ ಬಟಾಬಯಲು. ಈಜುಡುಗೆ ಕಳಚಿ ಸೋಪು ಹಚ್ಚಿ ತೊಳೆದುಕೊಳ್ಳಿ ಎಂಬ ಫಲಕ ಬೇರೆ. ಸದ್ಯಕ್ಕೆ ಮಗಳು ಹೆಂಗಸರ ಶವರ್‌ನಲ್ಲಿ ಮೈ ತೊಳೆದುಕೊಂಡು ಬರುತ್ತಾಳೆ, ನಾನು ಬಾಗಿಲ ಹೊರಗೆ ಟವೆಲ್ ಹಿಡಿದು ನಿಲ್ಲುತ್ತೇನೆ. ತಲೆಸ್ನಾನ ಮನೆಗೆ ಬಂದಮೇಲೆ.