ಪಟ್ಟಿಯಿಂದ ವಿವರದ ಪುಟಕ್ಕೆ: ಜಾಂಗೋದಲ್ಲಿ ಮೂರು ದಾರಿ, ನನ್ನ ಆಯ್ಕೆ ಒಂದು

ಮಂಡ್ಯ ಸೀಮೆಯ ರೈತರಿಗಾಗಿ ನಾಟಿ ಭತ್ತದ ತಳಿಗಳ ವೆಬ್‌ಸೈಟ್ ಒಂದನ್ನು ಜಾಂಗೋದಲ್ಲಿ (ಪೈಥಾನ್ ಭಾಷೆಯ ವೆಬ್ ಚೌಕಟ್ಟು) ಕಟ್ಟುತ್ತಿದ್ದೇನೆ. ಮೊದಲ ಪುಟದಲ್ಲಿ ಪಟ್ಟಿ: ರಾಜಮುಡಿ, ರತ್ನಚೂಡಿ, ಗಂಧಸಾಲೆ ಹೀಗೆ. ಹೆಸರು ಒತ್ತಿದರೆ ಆ ತಳಿಯದೇ ಪುಟ ತೆರೆಯಬೇಕು. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಘನಿ ಖಾನ್ ಅವರೊಬ್ಬರೇ ನೂರಾರು ತಳಿ ಉಳಿಸಿಕೊಂಡು ಬಂದಿದ್ದಾರೆ. ಅಂದಮೇಲೆ ಈ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ, ಅಲ್ವಾ? ಹಾಗಾಗಿ ಲಿಂಕ್ ಹಾಕುವ ಮೂರು ದಾರಿಗಳನ್ನೂ ಇದೇ ಸೈಟಿನಲ್ಲಿ ಹಾಕಿ ನೋಡಿದೆ.

ಮೊದಲನೆಯದು, ಟೆಂಪ್ಲೇಟ್‌ನಲ್ಲಿ, ಅಂದರೆ ಪುಟದ ಅಚ್ಚಿನಲ್ಲಿ, ವಿಳಾಸವನ್ನು ಕೈಯಾರೆ ಬರೆಯುವುದು. 'ತಳಿ' ಅಂತ ಬರೆದು, ಓರೆಗೆರೆ ಹಾಕಿ, ಪಕ್ಕದಲ್ಲಿ ದಾಖಲೆಯ ಐಡಿ (ಅದರ ಸಂಖ್ಯೆ) ಸೇರಿಸಿದರೆ ಆಯಿತು. ಎರಡು ನಿಮಿಷದ ಕೆಲಸ. ಆದರೆ ಯುಆರ್‌ಎಲ್ ಫೈಲ್‌ನಲ್ಲಿ (ಯಾವ ವಿಳಾಸಕ್ಕೆ ಯಾವ ಪುಟ ಅಂತ ಬರೆದಿಡುವ ಜಾಗ) 'ತಳಿ' ಇದ್ದದ್ದನ್ನು 'ಭತ್ತ' ಮಾಡಿ ನೋಡಿ. ಪಟ್ಟಿ ಚೆನ್ನಾಗಿಯೇ ತೆರೆಯುತ್ತದೆ, ಒತ್ತಿದ ಪ್ರತಿ ಹೆಸರಿಗೂ 'ಪುಟ ಸಿಗಲಿಲ್ಲ' ಅನ್ನುವ 404 ಬರುತ್ತದೆ. ಹುಡುಕಾಟದ ಪುಟ, ಮುಖಪುಟ, ಎಲ್ಲ ಕಡೆ ಹೋಗಿ ತಿದ್ದಬೇಕು. ಸೈಟನ್ನು ಬೇರೆ ಸೈಟಿನ ಉಪವಿಳಾಸದ ಕೆಳಗೆ ಇಟ್ಟರೂ ಇದೇ ಪಾಡು. ಇದು ಯಾರಿಗೂ ಬೇಡ.

ಎರಡನೆಯದು ಯುಆರ್‌ಎಲ್ ಟ್ಯಾಗ್. ಯುಆರ್‌ಎಲ್ ಫೈಲ್‌ನಲ್ಲಿ ವಿವರದ ಪುಟದ ಸಾಲಿಗೆ 'ತಳಿ ವಿವರ' ಅಂತ ಹೆಸರಿಡುತ್ತೇವೆ. ಟೆಂಪ್ಲೇಟ್‌ನಲ್ಲಿ ಆ ಹೆಸರು ಹೇಳಿ ಐಡಿ ಕೊಟ್ಟರೆ ವಿಳಾಸವನ್ನು ಜಾಂಗೋ ತಾನೇ ಕಟ್ಟಿಕೊಡುತ್ತದೆ. 'ತಳಿ'ಯನ್ನು 'ಭತ್ತ' ಮಾಡಿದರೂ ಲಿಂಕ್ ಮುರಿಯುವುದಿಲ್ಲ. 2013ರ ಜಾಂಗೋ 1.5ನೇ ಆವೃತ್ತಿಯಿಂದ ಈ ಹೆಸರಿಗೆ ಉದ್ಧರಣ ಚಿಹ್ನೆ ಹಾಕಲೇಬೇಕು. ಅದಕ್ಕೂ ಹಿಂದಿನ ಪಾಠ ನೋಡಿ ನಕಲು ಮಾಡಿದವರು ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ. ಈ ಟ್ಯಾಗ್‌ನಲ್ಲಿ ನನಗೆ ಹಿಡಿಸಿದ್ದು ಅದರ ಗಟ್ಟಿ ಬಾಯಿ. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ 'ನೋ ರಿವರ್ಸ್ ಮ್ಯಾಚ್' ಅಂತ ಪುಟವನ್ನೇ ನಿಲ್ಲಿಸಿಬಿಡುತ್ತದೆ. ತೊಂದರೆ ಇರುವುದು ಬೇರೆ ಕಡೆ. ವಿಳಾಸದಲ್ಲಿ ಐಡಿ ಜೊತೆ ತಳಿಯ ಹೆಸರೂ ಬೇಕು ಅಂತಾದರೆ, ಟ್ಯಾಗ್ ಇರುವ ಪ್ರತಿ ಟೆಂಪ್ಲೇಟ್‌ನಲ್ಲೂ ಅದನ್ನು ಸೇರಿಸುತ್ತಾ ಹೋಗಬೇಕು.

ಮೂರನೆಯದು, ಮಾಡೆಲ್‌ನಲ್ಲೇ (ದಾಖಲೆಯ ರೂಪ ಹೇಳುವ ಪೈಥಾನ್ ಕ್ಲಾಸ್) 'ಗೆಟ್ ಆಬ್ಸೊಲ್ಯೂಟ್ ಯುಆರ್‌ಎಲ್' ಮೆಥಡ್ ಬರೆಯುವುದು. ಒಳಗೆ, ಹೆಸರಿನಿಂದ ವಿಳಾಸ ಕಟ್ಟುವ 'ರಿವರ್ಸ್' ಕರೆದು ವಿಳಾಸ ಹಿಂದಿರುಗಿಸುವ ಒಂದೇ ಸಾಲು. ನನ್ನ ಆಯ್ಕೆ ಇದೇ. ತನ್ನ ಪುಟ ಎಲ್ಲಿದೆ ಅಂತ ದಾಖಲೆಗೇ ಗೊತ್ತಿರಬೇಕು, ಟೆಂಪ್ಲೇಟ್‌ಗಲ್ಲ. ಇದನ್ನು ಬರೆದ ಕೂಡಲೇ ಜಾಂಗೋದ ಅಡ್ಮಿನ್‌ನಲ್ಲಿ (ದಾಖಲೆ ತಿದ್ದುವ ಪುಟಗಳು) 'ವ್ಯೂ ಆನ್ ಸೈಟ್' ಗುಂಡಿ ಬರುತ್ತದೆ. ಹೊಸ ದಾಖಲೆ ಸೇರಿಸಲು ಜಾಂಗೋ ಕೊಡುವ 'ಕ್ರಿಯೇಟ್ ವ್ಯೂ'ನಲ್ಲಿ ಹೊಸ ತಳಿ ಸೇರಿಸಿದರೆ ನೇರ ಅದರ ಪುಟಕ್ಕೇ ಹೋಗುತ್ತದೆ. ಸರ್ಚ್ ಎಂಜಿನ್‌ಗೆ ಪುಟಗಳ ಪಟ್ಟಿ ಕೊಡುವ ಸೈಟ್‌ಮ್ಯಾಪ್ ಕೂಡ ಇದನ್ನೇ ಕೇಳುತ್ತದೆ.

ಆದರೆ ಇದರಲ್ಲಿ ಒಂದು ಅಪಾಯ ಇದೆ, ಪಾಠಗಳಲ್ಲಿ ಇದರ ಮಾತು ಜಾಸ್ತಿ ಬರುವುದಿಲ್ಲ. ಬೇಕೆಂದೇ 'ರಿವರ್ಸ್' ಒಳಗಿನ ಹೆಸರನ್ನು ಕೆಡಿಸಿ ನೋಡಿದೆ. ಟ್ಯಾಗ್ ಆಗಿದ್ದರೆ ಪುಟ ನಿಲ್ಲುತ್ತಿತ್ತು. ಇಲ್ಲಿ ಪಟ್ಟಿ ನೆಟ್ಟಗೆ ತೆರೆಯಿತು, ಹೆಸರುಗಳೆಲ್ಲ ಲಿಂಕ್‌ನಂತೆಯೇ ಕಂಡವು. ಒತ್ತಿದರೆ ಮತ್ತೆ ಅದೇ ಪಟ್ಟಿ! ಕಾರಣ ಇಷ್ಟೇ: 'ನೋ ರಿವರ್ಸ್ ಮ್ಯಾಚ್' ದೋಷಕ್ಕೆ ಜಾಂಗೋ 'ಸೈಲೆಂಟ್ ವೇರಿಯಬಲ್ ಫೇಲ್ಯೂರ್' ಅನ್ನುವ ಗುರುತು ಹಾಕಿದೆ. ಹೀಗೆ ಮೆಥಡ್ ಅನ್ನು ಟ್ಯಾಗ್ ಇಲ್ಲದೆ ವೇರಿಯಬಲ್ ಆಗಿ ಕರೆದಾಗ ಟೆಂಪ್ಲೇಟ್ ಆ ದೋಷವನ್ನು ನುಂಗಿ ಖಾಲಿ ಜಾಗ ಬಿಡುತ್ತದೆ. ಖಾಲಿ ಲಿಂಕ್ ಅಂದರೆ ಬ್ರೌಸರ್‌ಗೆ ಈಗಿರುವ ಪುಟವೇ. ಮೆಥಡ್ ಹೆಸರನ್ನು ಟೆಂಪ್ಲೇಟ್‌ನಲ್ಲಿ ತಪ್ಪಾಗಿ ಬರೆದರೂ ಹೀಗೇ ಆಗುತ್ತದೆ. ಅದಕ್ಕೇ ಎರಡು ಪುಟ್ಟ ಟೆಸ್ಟ್ ಬರೆದಿಟ್ಟಿದ್ದೇನೆ. ಒಂದು, ಮೆಥಡ್ ಅನ್ನು ಪೈಥಾನ್‌ನಲ್ಲೇ ನೇರ ಕರೆಯುತ್ತದೆ. ಅಲ್ಲಿ ದೋಷ ಬಾಯಿ ಬಿಡಲೇಬೇಕು. ಇನ್ನೊಂದು, ಪಟ್ಟಿಯ ಪುಟದಲ್ಲಿ ಆ ವಿಳಾಸ ಇದೆಯಾ ಅಂತ ನೋಡುತ್ತದೆ. ಟೆಸ್ಟ್ ಬರೆಯುವ ಅಭ್ಯಾಸ ಇಲ್ಲದವರಿಗೆ ನಾನು ಯುಆರ್‌ಎಲ್ ಟ್ಯಾಗನ್ನೇ ಹೇಳುತ್ತೇನೆ.

ಇನ್ನು ವಿಳಾಸದಲ್ಲಿ ಏನಿರಬೇಕು? ಬರೀ ಸಂಖ್ಯೆ ಗಟ್ಟಿ, ಆದರೆ ಓದಿದರೆ ಏನೂ ತಿಳಿಯುವುದಿಲ್ಲ. ಕನ್ನಡದಲ್ಲೇ ಸ್ಲಗ್ (ವಿಳಾಸದಲ್ಲಿ ಬರುವ ಹೆಸರಿನ ತುಣುಕು) ಇರಲಿ ಅಂತ ನನಗೆ ತುಂಬಾ ಆಸೆ ಇತ್ತು. ಅದನ್ನು ಮಾಡಿಕೊಡುವ ಜಾಂಗೋದ 'ಸ್ಲಗಿಫೈ'ಗೆ ಯೂನಿಕೋಡ್ ಒಪ್ಪಿಕೋ ಅಂತ ಹೇಳಿ 'ರಾಜಮುಡಿ' ಕೊಟ್ಟರೆ ಬಂದದ್ದು 'ರಜಮಡ'. 'ಗಂಧಸಾಲೆ' ಹೋಗಿ 'ಗಧಸಲ' ಆಯಿತು. ಅದು ಬಳಸುವ ಪೈಥಾನ್‌ನ ರೆಗೆಕ್ಸ್ (ಅಕ್ಷರಗಳನ್ನು ಹುಡುಕುವ ನಿಯಮ) ನಮ್ಮ ಗುಣಿತದ ಚಿಹ್ನೆ, ಅನುಸ್ವಾರ, ಒತ್ತು ಇವನ್ನೆಲ್ಲ ಅಕ್ಷರ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಕಿತ್ತು ಹಾಕುತ್ತದೆ. ವಿಳಾಸದ ಆ ಭಾಗದಲ್ಲಿ ಏನಿರಬಹುದು ಅಂತ ಯುಆರ್‌ಎಲ್ ಫೈಲ್‌ನಲ್ಲಿ ಹೇಳುವ 'ಸ್ಲಗ್' ಕನ್ವರ್ಟರ್‌ಗಂತೂ ಕನ್ನಡವೇ ಬರುವುದಿಲ್ಲ, 'ಸ್ಟ್ರಿಂಗ್' ಬಳಸಬೇಕು. ಅಷ್ಟೆಲ್ಲ ಮಾಡಿ ಹೆಸರನ್ನು ಪೂರ್ತಿ ಉಳಿಸಿದರೂ, ಲಿಂಕ್ ನಕಲಿಸಿ ವಾಟ್ಸಾಪ್‌ಗೆ ಹಾಕುವಾಗ ಒಂದೊಂದು ಕನ್ನಡ ಸಂಕೇತವೂ (ಅಕ್ಷರ ಬೇರೆ, ಅದರ ಗುಣಿತದ ಚಿಹ್ನೆ ಬೇರೆ) ಒಂಬತ್ತು ಚಿಹ್ನೆಗಳಾಗಿ ಹಿಗ್ಗುತ್ತದೆ. ಏಳು ಸಂಕೇತಗಳ 'ರಾಜಮುಡಿ' ಒಂದಕ್ಕೇ 63. ರೈತರ ಗುಂಪಿನಲ್ಲಿ ಅಂಥ ಲಿಂಕ್ ನೋಡಿದವರು ಒತ್ತಲು ಹೆದರುತ್ತಾರೆ. ನಮ್ಮ ಭಾಷೆಗೆ ಹೀಗಾಗುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಕೊನೆಗೆ ಸಂಖ್ಯೆ, ಅದರ ಪಕ್ಕ ಇಂಗ್ಲಿಷ್ ಅಕ್ಷರದಲ್ಲಿ ತಳಿಯ ಹೆಸರು, ಎರಡನ್ನೂ ಇಟ್ಟೆ. ತಿದ್ದಿದ್ದು ಆ ಮೆಥಡ್‌ನ ಒಂದು ಸಾಲು ಮತ್ತು ಯುಆರ್‌ಎಲ್ ಫೈಲ್‌ನ ಒಂದು ಸಾಲು. ಟೆಂಪ್ಲೇಟ್ ಮುಟ್ಟಲೇ ಇಲ್ಲ. ವಿಳಾಸದಲ್ಲಿ ಎರಡೂ ಇದ್ದರೆ, ವಿವರದ ಪುಟ ತೋರಿಸುವ ಜಾಂಗೋದ 'ಡೀಟೇಲ್ ವ್ಯೂ' ತಾನಾಗಿ ಸಂಖ್ಯೆಯನ್ನಷ್ಟೇ ನೋಡಿ ದಾಖಲೆ ಹುಡುಕುತ್ತದೆ. ಹೆಸರಿನ ಕಾಗುಣಿತವನ್ನು ನಾಳೆ ತಿದ್ದಿದರೂ, ಹಿಂದೆ ಹಂಚಿದ ಲಿಂಕ್‌ಗಳು ಹಾಗೇ ತೆರೆಯುತ್ತವೆ.